ಗ್ರಾಮದ ಕುಡಿಯುವ ನೀರು: ಒರತೆಯಿಂದ ಕೊಡದವರೆಗೆ

ಒಕ್ಕಲುತನಕ್ಕೆ ಭೂಮಿ, ಬೀಜ, ಗೊಬ್ಬರ, ಎತ್ತು ಇವು ಎಷ್ಟು ಅವಶ್ಯಕವೋ ದುಡಿಯುವವರ ದೇಹಾರೋಗ್ಯವೂ ಅಷ್ಟೇ ಅವಶ್ಯಕವೆಂಬುದು ಸರ್ವವಿದಿತವಾದ ವಿಷಯ. ಬಿತ್ತನೆಯ ಕಾಳನ್ನು ಕೇರಿ, ಆರಿಸಿ, ಔಷಧವನ್ನು ಲೇಪಿಸಿ ಬಿತ್ತುವ ರೈತನು ತನ್ನ ಮನೆಯವರು ಕುಡಿಯುವ ನೀರು ಎಲ್ಲಿಂದ ಬಂದಿತು, ಬರುವ ದಾರಿಯಲ್ಲಿ ಏನೇನನ್ನು ಕೂಡಿಸಿಕೊಂಡಿತು ಎಂಬುದನ್ನು ವಿಚಾರಿಸುವುದು ಅಪರೂಪ. ನೀರು ತಿಳಿಯಾಗಿದ್ದು ನಾಲಗೆಗೆ ಸಿಹಿಯಾಗಿದ್ದರೆ ಅದೇ ಒಳ್ಳೆಯ ನೀರೆಂದು ಭಾವಿಸುವುದು ವಾಡಿಕೆಯಾಗಿದೆ. ಆದರೆ ಭೇದಿ, ಕಾಲರಾ, ವಿಷಮಶೀತಜ್ವರ, ಕಾಮಾಲೆ ಮುಂತಾದ ರೋಗಗಳ ಬೀಜಗಳು ಕಣ್ಣಿಗೆ ಕಾಣುವುದಿಲ್ಲ. ಮೂಳೆಗಳನ್ನು ಬಾಗಿಸುವ ಫ್ಲೋರೈಡೆಂಬ ಲವಣಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೆಟ್ಟ ನೀರಿನಿಂದ ಮೊದಲು ಸಾಯುವವು ಎಳೆಯ ಕೂಸುಗಳು. ಬದುಕಿ ಉಳಿದವರೂ ಕಳೆ ಕೀಳುವ ಕಾಲದಲ್ಲಿ, ಕೊಯ್ಲಿನ ಕಾಲದಲ್ಲಿ ಹಾಸಿಗೆ ಹಿಡಿದರೆ ಆ ವರ್ಷದ ಬೆಳೆಗೂ ಹಾನಿ ತಪ್ಪಿದ್ದಲ್ಲ.

ಊರಿಗೆ ಒಂದು ಬಾವಿಯನ್ನು ತೋಡಿಸಿದರೆ ಅಥವಾ ಒಂದು ನಲ್ಲಿಯನ್ನು ಹಾಕಿಸಿದರೆ ನೀರಿನ ಪ್ರಶ್ನೆ ತೀರಿತೆಂದು ಅನೇಕರು ತಿಳಿಯುತ್ತಾರೆ. ಇದು ಸರಿಯಲ್ಲ. ಒರತೆಯಿಂದ ಹೊರಟು ಕುಡಿಯುವವನ ಬಾಯಿಗೆ ಸೇರುವವರೆಗೆ ನೀರು ಹಲವು ಕೈಗಳನ್ನು ದಾಟುತ್ತದೆ. ಯಾವ ಒಂದು ಸ್ಥಳದಲ್ಲಿ ಕಾವಲು ತಪ್ಪಿದರೂ ಮಿಕ್ಕ ಕಡೆಗಳಲ್ಲಿ ಪಟ್ಟ ಶ್ರಮವೆಲ್ಲ ವ್ಯರ್ಥವಾಗುವುದು. ಈ ಕಾವಲಿನ ಹೆಚ್ಚಿನ ಭಾಗವು ಗ್ರಾಮದ ಮುಖಂಡರ ಮತ್ತು ಜಮೀನುದಾರರ ಕೈಯಲ್ಲಿಯೇ ಇದೆಯೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

೧. ನಾರುಹುಣ್ಣಿನ ಪಾಠ

ಹಿಂದೆ ಕರ್ನಾಟಕದ ಒಣಸೀಮೆಯ ಹಳ್ಳಿಗಳಲ್ಲಿಯೂ, ರಾಜಸ್ಥಾನ, ಮಧ್ಯಪ್ರದೇಶ, ಗುಜರಾತ್, ಮಹಾರಾಷ್ಟ್ರ, ಆಂಧ್ರ ಮುಂತಾದ ಪ್ರಾಂತಗಳಲ್ಲಿಯೂ ನಾರುಹುಣ್ಣೆಂಬ ರೋಗವು ಹರಡಿಕೊಂಡಿತ್ತು. ಕಾಲಿನಲ್ಲಿ ಬೊಕ್ಕೆ ಎದ್ದು, ಅದು ಒಡೆದು, ನೂಲಿನಂತಹ ಹುಳುವೊಂದು ಹೊರಕ್ಕೆ ತಲೆ ಹಾಕುತ್ತಿತ್ತು. ಅದು ಎರಡರಿಂದ ಮೂರು ಅಡಿಗಳಷ್ಟು ಉದ್ದ ಇರುತ್ತಿದ್ದುದರಿಂದ ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಎಳೆಯಬೇಕಾಗಿತ್ತು. ರೋಗಿಯು ವಾರಗಟ್ಟಲೆ ನಡೆಯಲಾರದೆ ಮಲಗುತ್ತಿದ್ದನು. ಇದಕ್ಕೆ ಔಷಧವಿರಲಿಲ್ಲ, ಮುಂಚಿತವಾಗಿ ಚುಚ್ಚಿಸಿಕೊಳ್ಳಲು ಲಸಿಕೆಯೂ ಇರಲಿಲ್ಲ.

ಈ ಹುಳುವಿನ ಜೀವನಕ್ರಮವು ವಿಚಾರಾರ್ಹವಾಗಿದೆ. ಹುಣ್ಣಿನ ಉರಿಯನ್ನು ತಣಿಸಿಕೊಳ್ಳುವುದಕ್ಕಾಗಿಯೋ, ನೀರು ತುಂಬಿಕೊಳ್ಳುವುದಕ್ಕಾಗಿಯೋ ರೋಗಿಯು ಮೆಟ್ಟಿಲು ಬಾವಿಯಲ್ಲಿ ಇಳಿದು ಕಾಲನ್ನು ನೀರಿನಲ್ಲಿಟ್ಟಾಗ ಹುಳುವು ಸಾವಿರಾರು ಮರಿಗಳನ್ನು ಆ ನೀರಿಗೆ ಬಿಡುತ್ತಿತ್ತು. ಸೈಕ್ಲಾಪ್ಸ್ ಎಂಬ ಅತಿ ಸಣ್ಣ ನೀರುಜಂತುವು ಆ ಮರಿಗಳನ್ನು ನುಂಗುತ್ತಿತ್ತು. ಅಂತಹ ಜಂತುಗಳಿದ್ದ ನೀರನ್ನು ಸೋಸದೆ ಕುಡಿದವರ ದೇಹದಲ್ಲಿ ಮರಿಯು ಬೆಳೆದು, ಸುಮಾರು ಒಂದು ವರ್ಷದ ತರುವಾಯ ಕಾಲಿನಿಂದ ಹೊರಬರುತ್ತಿತ್ತು. ಕುಡಿದ ನೀರಿಗೂ ಮುಂದಿನ ವರ್ಷ ಕಾಣಿಸಿಕೊಂಡ ಹುಣ್ಣಿಗೂ ಸಂಬಂಧವಿದೆಯೆಂದು ಹಳ್ಳಿಗರಿಗೆ ತೋರದೆ ಇದ್ದುದು ಆಶ್ಚರ್ಯವಲ್ಲ.

೧೯೮೩-೮೪ರಲ್ಲಿ ಭಾರತ ಸರಕಾರವು ಈ ರೋಗದ ನಿರ್ಮೂಲನಕ್ಕೆ ಕಾರ್ಯಕ್ರಮವನ್ನು ಆರಂಭಿಸಿತು. ಮಾಡಿದ ಕೆಲಸಗಳು ಬಹು ಸರಳವಾದವು. ಮೆಟ್ಟಿಲು ಬಾವಿಗಳ ಮೆಟ್ಟಿಲುಗಳನ್ನು ಮುಚ್ಚಿ, ಕಟ್ಟೆಯನ್ನು ಕಟ್ಟಿ, ಹಗ್ಗದಿಂದ ಸೇದುವ ಬಾವಿಗಳನ್ನಾಗಿ ಮಾರ್ಪಡಿಸಲಾಯಿತು, ಕೈಪಂಪುಗಳನ್ನು ಹಾಕಲಾಯಿತು, ನೀರನ್ನು ಒತ್ತಾದ ಬಟ್ಟೆಯಲ್ಲಿ ಸೋಸಿ ಕುಡಿಯುವಂತೆ ಬೋಧಿಸಲಾಯಿತು, ಜಂತುಗಳನ್ನು ಕೊಲ್ಲುವ ಔಷಧವನ್ನು ನೀರಿಗೆ ಹಾಕಲಾಯಿತು, ರೋಗಿಗಳನ್ನು ಹುಡುಕಿ, ಅವರು ನೀರಿಗೆ ಇಳಿಯದಂತೆ ನೋಡಿಕೊಳ್ಳಲಾಯಿತು. ಭಾರತದ ಕೊನೆಯ ರೋಗಿಯು ೧೯೯೬ರ ಜುಲೈ ತಿಂಗಳಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದನು. ೨೦೦೦ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ದೇಶವು ನಾರುಹುಣ್ಣಿನಿಂದ ಮುಕ್ತವಾಯಿತೆಂದು ಪ್ರಮಾಣೀಕರಿಸಿತು.

ಔಷಧವಿಲ್ಲದ ಒಂದು ರೋಗವು ಮನುಷ್ಯರ ಕಾಲು ನೀರಿಗೆ ತಗಲದಂತೆ ಮಾಡಿದುದರಿಂದಲೂ, ನೀರನ್ನು ಸೋಸಿದುದರಿಂದಲೂ ದೇಶದಿಂದ ತೊಲಗಿತು. ನೀರಿನ ಮೂಲವನ್ನು ಕಾಯುವುದು ಎಷ್ಟು ಫಲದಾಯಕವೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ಬೇಕಾಗಿಲ್ಲ.

೨. ನೀರು ಕೆಡುವ ಬಗೆ

ಮಳೆಯ ನೀರು ಮಣ್ಣಿನ ಪದರಗಳಲ್ಲಿ ನಿಧಾನವಾಗಿ ಇಳಿಯುವಾಗ ಮಣ್ಣೇ ಅದನ್ನು ಸೋಸುತ್ತದೆ. ಆದುದರಿಂದ ಒರತೆಯ ನೀರು ಸಾಮಾನ್ಯವಾಗಿ ರೋಗಾಣುಗಳಿಂದ ದೂರವಾಗಿರುತ್ತದೆ. ಅದು ಕೆಡುವುದು ಬಹುಮಟ್ಟಿಗೆ ಮನುಷ್ಯರ ಕೃತ್ಯದಿಂದಲೇ. ೧೮೮೪ರಲ್ಲಿ ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ ಎಂಬುವರು ಕಲ್ಕತ್ತೆಯ ಒಂದು ಕೆರೆಯ ನೀರಿನಲ್ಲಿ ಕಾಲರಾ ರೋಗಾಣುವನ್ನು ಕಂಡರು. ಸುತ್ತಲಿನ ಜನರು ಆ ಕೆರೆಯಲ್ಲಿಯೇ ಸ್ನಾನ ಮಾಡಿ, ಬಟ್ಟೆ ಒಗೆದು, ಅದೇ ನೀರನ್ನು ಕುಡಿಯುತ್ತಿದ್ದರು.

ಹಳ್ಳಿಯ ಬಾವಿಯ ಸುತ್ತಲೂ ಇಂದಿಗೂ ಇಂತಹ ಕಾರಣಗಳು ಕಾಣದೆ ಇರುವುದಿಲ್ಲ. ಬಾವಿಯ ಮಗ್ಗುಲಲ್ಲಿ ದನಗಳ ಮೈ ತೊಳೆಯುವುದು, ಪಾತ್ರೆ ಬೆಳಗುವುದು, ಚೆಲ್ಲಿದ ನೀರು ಕೆಸರಾಗಿ ನಿಂತು ಪುನಃ ಬಾವಿಗೇ ಇಂಗುವುದು, ಮನೆಮನೆಯ ಬೇರೆ ಬೇರೆ ಹಗ್ಗ ಮತ್ತು ಕೊಡಗಳು ನೆಲದ ಮಣ್ಣನ್ನು ಮೆತ್ತಿಕೊಂಡು ಒಳಗೆ ಇಳಿಯುವುದು, ಕಟ್ಟೆ ಬಿರಿದ ಬಾವಿಗೆ ಮಳೆಗಾಲದಲ್ಲಿ ಬೀದಿಯ ನೀರು ನುಗ್ಗುವುದು, ಕಕ್ಕಸಿನ ಗುಂಡಿಯನ್ನು ಬಾವಿಯ ಹತ್ತಿರದಲ್ಲಿಯೇ ತೋಡುವುದು. ಇವುಗಳಲ್ಲಿ ಯಾವುದನ್ನು ನಿಲ್ಲಿಸುವುದಕ್ಕೂ ವಿಶೇಷ ಹಣವು ಬೇಕಾಗಿಲ್ಲ.

ತಿಪ್ಪೆಗುಂಡಿಯ ವಿಷಯವನ್ನು ರೈತರು ವಿಶೇಷವಾಗಿ ಗಮನಿಸತಕ್ಕದ್ದು. ತೆರೆದ ತಿಪ್ಪೆಯ ಮೇಲೆ ಮಳೆ ಸುರಿದಾಗ ಸಗಣಿ ಗಂಜಲಗಳ ಸತ್ವವು ಕರಗಿ ನೆಲಕ್ಕೆ ಇಳಿಯುವುದು. ಹೊಲಕ್ಕೆ ಸೇರಬೇಕಾಗಿದ್ದ ಸಾರಜನಕವು ಹೀಗೆ ನೈಟ್ರೇಟಾಗಿ ಬಾವಿಯನ್ನು ಸೇರುವುದು. ಅಳತೆಗೆ ಮೀರಿ ಚೆಲ್ಲಿದ ಯೂರಿಯಾ ಗೊಬ್ಬರದ ಗತಿಯೂ ಇದೇ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ೪೫ ಮಿಲಿಗ್ರಾಮಿಗಿಂತ ಹೆಚ್ಚು ನೈಟ್ರೇಟ್ ಇರಕೂಡದು. ಹೆಚ್ಚಾದಾಗ, ಅಂತಹ ನೀರಿನಲ್ಲಿ ಕಲಸಿದ ಹಾಲನ್ನು ಕುಡಿಯುವ ಎಳೆಗೂಸುಗಳ ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟುವುದುಂಟು. ನೀರನ್ನು ಕಾಯಿಸುವುದರಿಂದ ಈ ದೋಷವು ಹೋಗುವುದಿಲ್ಲ. ತಿಪ್ಪೆಗುಂಡಿಗೆ ಗಟ್ಟಿ ತಳವನ್ನೂ ಮೇಲೊಂದು ಚಪ್ಪರವನ್ನೂ ಮಾಡಿ, ಬಾವಿಯಿಂದ ದೂರದಲ್ಲಿಟ್ಟರೆ ಗೊಬ್ಬರದ ಸತ್ವವೂ ಉಳಿಯುವುದು, ನೀರೂ ಉಳಿಯುವುದು.

೩. ಒಳ್ಳೆಯ ಬಾವಿಯ ಲಕ್ಷಣಗಳು

ಸೇದುವ ಬಾವಿಯನ್ನು ಕುಡಿಯುವ ನೀರಿಗೆ ಉಪಯೋಗಿಸುವ ಕಡೆಗಳಲ್ಲಿ ಈ ಕೆಳಗಿನ ಅಂಶಗಳು ಇರತಕ್ಕದ್ದು.

(ಅ) ಕಕ್ಕಸು, ತಿಪ್ಪೆ, ಕೊಟ್ಟಿಗೆ, ಬಚ್ಚಲುಗುಂಡಿ ಇವುಗಳಿಂದ ಬಾವಿಯು ಕಡಮೆಯೆಂದರೆ ೧೫ ಮೀಟರ್, ಎಂದರೆ ಸುಮಾರು ೫೦ ಅಡಿ ದೂರದಲ್ಲಿರಬೇಕು. ಇಳಿಜಾರಿನಲ್ಲಿ ಅವುಗಳಿಗಿಂತ ಮೇಲ್ಗಡೆ ಇರಬೇಕು.

(ಆ) ಒಳಗೋಡೆಯನ್ನು ನೆಲಮಟ್ಟದಿಂದ ಕೆಳಕ್ಕೆ ೬ ಮೀಟರಿನಷ್ಟಾದರೂ ನೀರು ತೂರದಂತೆ ಗಾರೆಯಿಂದ ಕಟ್ಟಿರಬೇಕು. ಆಗ ಮೇಲಿನ ಕೊಳೆನೀರು ಮಣ್ಣಿನಲ್ಲಿ ಬಹುದೂರ ಸೋಸಿದ ಹೊರತು ಬಾವಿಯನ್ನು ಸೇರಲಾರದು.

(ಇ) ಕಟ್ಟೆಯು ಎರಡೂವರೆ ಅಡಿ ಎತ್ತರವಿರಬೇಕು. ಅದರ ಸುತ್ತ ಒಂದು ಮೀಟರ್ ಅಗಲದ ಸಿಮೆಂಟಿನ ಜಗುಲಿಯು ಹೊರಕ್ಕೆ ಇಳಿಜಾರಾಗಿರಬೇಕು. ಚೆಲ್ಲಿದ ನೀರು ಕಾಲುವೆಯ ಮೂಲಕ ದೂರ ಹೋಗಿ ನಾಲ್ಕು ಬಾಳೆಯ ಗಿಡಗಳಿಗೋ, ಇಂಗುಗುಂಡಿಗೋ ಸೇರುವಂತಿರಬೇಕು.

(ಈ) ಬಾಯಿಗೆ ಮುಚ್ಚಳವನ್ನು ಹಾಕಿ ಕೈಪಂಪನ್ನು ಕೂಡಿಸುವುದು ಸರ್ವೋತ್ತಮ. ಅದು ಆಗದಿದ್ದರೆ, ರಾಟೆಯ ಮೇಲೆ ಒಂದೇ ಹಗ್ಗವೂ ಒಂದೇ ಬಕೆಟ್ಟೂ ಸಾರ್ವಜನಿಕವಾಗಿದ್ದು, ಅವು ನೆಲಕ್ಕೆ ತಗಲದಂತೆ ಕೊಕ್ಕೆಗೆ ಸಿಕ್ಕಿಸಿರಬೇಕು.

೪. ಬಾವಿಗೆ ಬ್ಲೀಚಿಂಗ್ ಪುಡಿಯನ್ನು ಹಾಕುವ ಕ್ರಮ

ಹಿಂದೆ ಕಾಲರಾ ಬಂದಾಗ ಬಾವಿಗಳಿಗೆ ಪರ್ಮ್ಯಾಂಗನೇಟೆಂಬ ನೇರಳೆ ಬಣ್ಣದ ಔಷಧವನ್ನು ಹಾಕುತ್ತಿದ್ದರು. ಈಗ ಅದರ ಬದಲು ಬ್ಲೀಚಿಂಗ್ ಪುಡಿಯು ಬಳಕೆಯಲ್ಲಿದೆ. ಇದನ್ನು ಕಣ್ಣಳತೆಯಿಂದ ಹಿಡಿಹಿಡಿಯಾಗಿ ಎಸೆಯುವುದು ತಪ್ಪು. ಕಡಮೆಯಾದರೆ ರೋಗಾಣುಗಳು ಸಾಯುವುದಿಲ್ಲ. ಹೆಚ್ಚಾದರೆ ವಾಸನೆಗೆ ಹೇಸಿ ಜನರು ಬೇರೆ ಕೆಟ್ಟ ನೀರನ್ನು ಹುಡುಕಿಕೊಂಡು ಹೋಗುವರು.

ಮೊದಲು ನೀರಿನ ಪ್ರಮಾಣವನ್ನು ತಿಳಿಯಬೇಕು. ದುಂಡನೆಯ ಬಾವಿಯ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಅದನ್ನು ನೀರಿನ ಆಳದಿಂದ ಗುಣಿಸಿ, ಪುನಃ ೭೮೫ರಿಂದ ಗುಣಿಸಿದರೆ ಲೀಟರುಗಳ ಲೆಕ್ಕ ಬರುವುದು. ಅಳತೆಗಳು ಮೀಟರಿನಲ್ಲಿರಬೇಕು. ಉದಾಹರಣೆಗೆ, ವ್ಯಾಸ ೨ ಮೀಟರ್, ನೀರಿನ ಆಳ ೫ ಮೀಟರ್ ಇದ್ದರೆ ೧೫,೭೦೦ ಲೀಟರ್ ನೀರಿದೆಯೆಂದಾಯಿತು. ಸಾಧಾರಣವಾಗಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿಯು ಸಾಕು. ಆದುದರಿಂದ ಈ ಬಾವಿಗೆ ಸುಮಾರು ೪೦ ಗ್ರಾಂ ಬೇಕು. ನೀರು ಕಲಕಿದ್ದರೆ ಇನ್ನೂ ಹೆಚ್ಚು ಬೇಕಾಗುವುದು.

ಪುಡಿಯನ್ನು ಬಕೆಟ್ಟಿನಲ್ಲಿ ಹಾಕಿ, ಸ್ವಲ್ಪ ನೀರಿನಿಂದ ಕಲಸಿ, ಬಳಿಕ ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ ಹತ್ತು ನಿಮಿಷ ಬಿಡಬೇಕು. ಸುಣ್ಣವು ತಳಕ್ಕೆ ಕೂರುವುದು. ಮೇಲಿನ ತಿಳಿಯನ್ನು ಮಾತ್ರ ಬೇರೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗದಿಂದ ಬಾವಿಯ ನೀರಿನೊಳಕ್ಕೆ ಇಳಿಸಿ, ಮೇಲಕ್ಕೂ ಕೆಳಕ್ಕೂ ಆಡಿಸಿ ಚೆನ್ನಾಗಿ ಬೆರೆಸಬೇಕು. ತಳದ ಸುಣ್ಣವನ್ನು ಬಾವಿಗೆ ಹಾಕಕೂಡದು. ಒಂದು ಗಂಟೆಯಾದರೂ ಯಾರೂ ನೀರನ್ನು ಸೇದಬಾರದು. ಆದುದರಿಂದ ಈ ಕೆಲಸವನ್ನು ರಾತ್ರಿಯ ಹೊತ್ತು ಮಾಡುವುದು ಅನುಕೂಲ. ಬೆಳಗ್ಗೆ ಪರೀಕ್ಷೆಯ ಪೆಟ್ಟಿಗೆಯಿಂದ ನೋಡಿದರೆ ನೀರಿನಲ್ಲಿ ಸ್ವಲ್ಪ ಕ್ಲೋರಿನ್ ಉಳಿದಿರಬೇಕು. ಉಳಿಯದಿದ್ದರೆ ಹಾಕಿದ ಪ್ರಮಾಣವು ಸಾಲದೆಂದು ತಿಳಿಯತಕ್ಕದ್ದು. ಬಾಯಿ ತೆರೆದಿಟ್ಟ ಚೀಲದ ಪುಡಿಯು ಗಾಳಿ ಬೆಳಕುಗಳಿಂದ ಸತ್ವಹೀನವಾಗುವುದರಿಂದ ಅದನ್ನು ಭದ್ರವಾಗಿ ಮುಚ್ಚಿಡಬೇಕು.

೫. ಆಳದ ನೀರಿನ ದೋಷ

ಕೊಳವೆ ಬಾವಿಯ ನೀರಿಗೆ ಮೇಲಿನ ಕೊಳೆಯು ಸುಲಭವಾಗಿ ಸೇರುವುದಿಲ್ಲ. ಭೇದಿ ಕಾಲರಾಗಳ ನಿವಾರಣೆಯಲ್ಲಿ ಅದರ ಉಪಕಾರವು ದೊಡ್ಡದು. ಆದರೆ ಆಳಕ್ಕೆ ಹೋದಂತೆ ಮತ್ತೊಂದು ಅಪಾಯವು ಎದುರಾಗುವುದು. ಬಯಲುಸೀಮೆಯ ಕರಿಕಲ್ಲಿನ ಬಂಡೆಗಳಲ್ಲಿ ಫ್ಲೋರಿನ್ ಸೇರಿದ ಖನಿಜಗಳಿವೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅವುಗಳನ್ನು ಕರಗಿಸಿಕೊಳ್ಳುವುದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ರಾಯಚೂರು ಮುಂತಾದ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಈ ದೋಷವು ಕಂಡುಬಂದಿದೆ. ಭಾರತದಲ್ಲಿ ಇದರಿಂದಾಗುವ ರೋಗವನ್ನು ಮೊದಲು ಗುರುತಿಸಿ ವರದಿ ಮಾಡಿದುದು ೧೯೩೭ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ.

ಫ್ಲೋರೈಡು ಲೀಟರಿಗೆ ಒಂದು ಮಿಲಿಗ್ರಾಮಿನೊಳಗೆ ಇರುವುದು ಉತ್ತಮ. ಬೇರೆ ನೀರು ಸಿಕ್ಕದ ಕಡೆ ಒಂದೂವರೆ ಮಿಲಿಗ್ರಾಂ ಪರಮಾವಧಿ. ಇದಕ್ಕೆ ಮೀರಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲುಗಳ ಮೇಲೆ ಹಳದಿ, ಕಂದು ಪಟ್ಟೆಗಳು ಮೂಡುವುವು. ಇನ್ನೂ ಹೆಚ್ಚಾದ ಪ್ರಮಾಣವು ವರ್ಷಗಟ್ಟಲೆ ದೇಹಕ್ಕೆ ಸೇರಿದರೆ ಕತ್ತು ಬೆನ್ನುಗಳು ಬಿಗಿದು, ಕೀಲುಗಳು ನೋಯುವುವು. ಬಗ್ಗಿ ಕೆಲಸ ಮಾಡುವುದು ಅಸಾಧ್ಯವಾಗುವುದು. ಹೀಗೆ ಕೆಟ್ಟ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಶಾಲೆಯ ಮಕ್ಕಳ ಹಲ್ಲುಗಳಲ್ಲಿ ಈ ಪಟ್ಟೆಗಳು ಕಂಡ ಊರಿನ ಮುಖಂಡರು ತಡಮಾಡದೆ ನೀರನ್ನು ಪರೀಕ್ಷೆಗೆ ಕಳುಹಿಸತಕ್ಕದ್ದು.

ಕಾಯಿಸುವುದರಿಂದ ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುವುದು. ಅನೇಕ ಗ್ರಾಮಗಳಲ್ಲಿ ಸ್ಥಾಪಿತವಾಗಿರುವ ಶುದ್ಧ ನೀರಿನ ಘಟಕಗಳು ಇದನ್ನು ತೆಗೆಯಬಲ್ಲವು. ಆದರೆ ಅವುಗಳ ಸೋಸುಪೊರೆಗಳನ್ನು ಕಾಲಕಾಲಕ್ಕೆ ಬದಲಾಯಿಸದಿದ್ದರೆ ನಾಣ್ಯ ಹಾಕಿ ತುಂಬಿಕೊಂಡ ನೀರು ಹೆಸರಿಗೆ ಮಾತ್ರ ಶುದ್ಧವಾಗಿರುವುದು. ಘಟಕವು ಹೊರಬಿಡುವ ಉಪ್ಪುನೀರನ್ನು ಕೆರೆಗಾಗಲಿ ಬಾವಿಯ ಹತ್ತಿರಕ್ಕಾಗಲಿ ಬಿಡಕೂಡದು.

ಮಳೆಯ ನೀರಿನಲ್ಲಿ ಈ ದೋಷವಿಲ್ಲ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುವುದು. ವರ್ಷಕ್ಕೆ ೭೦೦ ಮಿಲಿಮೀಟರ್ ಮಳೆಯಾಗುವ ಊರಿನಲ್ಲಿ ೫೦ ಚದರ ಮೀಟರ್ ಚಾವಣಿಯಿದ್ದರೆ ೩೫,೦೦೦ ಲೀಟರ್. ಐದರಲ್ಲಿ ಒಂದು ಪಾಲು ನಷ್ಟವಾದರೂ ೨೮,೦೦೦ ಲೀಟರ್ ಉಳಿಯುವುದು. ಐದು ಜನರ ಮನೆಗೆ ಕುಡಿಯಲೂ ಅಡುಗೆಗೂ ದಿನಕ್ಕೆ ೨೫ ಲೀಟರಿನಂತೆ ವರ್ಷಕ್ಕೆ ೯,೧೨೫ ಲೀಟರ್ ಸಾಕು. ಮೊದಲ ಮಳೆಯ ಕೊಳೆಯನ್ನು ಹೊರಕ್ಕೆ ಬಿಟ್ಟು, ಉಳಿದುದನ್ನು ಮರಳು ಜಲ್ಲಿಗಳಲ್ಲಿ ಸೋಸಿ, ಬೆಳಕು ಬೀಳದ ಮುಚ್ಚಿದ ತೊಟ್ಟಿಯಲ್ಲಿ ಶೇಖರಿಸಿಡಬಹುದು. ಕುಡಿಯುವ ಮುನ್ನ ಅದನ್ನೂ ಕಾಯಿಸುವುದು ಕ್ಷೇಮಕರ.

೬. ಜಮೀನುದಾರರ ಹೊಣೆ

ಊರ ಬಾವಿಯ ಹತ್ತಿರದಲ್ಲಿಯೇ ತೋಟವುಳ್ಳ ಜಮೀನುದಾರನೊಬ್ಬನು ಒಂದು ಕೊಳವೆ ಬಾವಿಯನ್ನು ಕೊರೆಸಿ, ವಿದ್ಯುತ್ತು ಇರುವ ಹೊತ್ತಿನಲ್ಲೆಲ್ಲ ನೀರೆತ್ತಿ ತೋಟಕ್ಕೆ ಹಾಯಿಸುತ್ತಾನೆಂದು ಭಾವಿಸಿಕೊಳ್ಳಬಹುದು. ನೆಲದ ಮೇಲೆ ಸರ್ವೆ ಕಲ್ಲುಗಳಿವೆ. ನೆಲದ ಒಳಗಿನ ನೀರಿಗೆ ಅವು ಇಲ್ಲ. ಒಂದೆರಡು ಬೇಸಗೆಗಳಲ್ಲಿ ಊರ ಬಾವಿಯು ಬತ್ತುವುದು. ಪಂಚಾಯಿತಿಯು ಇನ್ನೂ ಆಳಕ್ಕೆ ಕೊರೆಸುವುದು. ಆ ಆಳದ ನೀರಿನಲ್ಲಿ ಫ್ಲೋರೈಡು ಹೆಚ್ಚಾಗಿರುವ ಸಂಭವವುಂಟು. ಅದನ್ನು ಊರಿನವರೆಲ್ಲರೂ ಕುಡಿಯುವರು. ಆ ಜಮೀನುದಾರನ ಮಕ್ಕಳೂ ಕುಡಿಯುವರು. ತೋಟದ ಆದಾಯವು ಒಬ್ಬನಿಗೆ, ನೀರಿನ ನಷ್ಟವು ಎಲ್ಲರಿಗೆ ಎಂಬುದು ನ್ಯಾಯವಲ್ಲ. ಕೊನೆಗೆ ಅವನಿಗೂ ಅದು ಲಾಭವಲ್ಲ.

ಇದನ್ನು ತಡೆಯುವುದಕ್ಕಾಗಿಯೇ ಕುಡಿಯುವ ನೀರಿನ ಮೂಲಗಳ ರಕ್ಷಣೆಗೆಂದು ಕರ್ನಾಟಕವು ೧೯೯೯ರಲ್ಲಿ ಒಂದು ಕಾಯಿದೆಯನ್ನು ಮಾಡಿ, ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ ೫೦೦ ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿಯನ್ನು ತೋಡಕೂಡದೆಂದು ವಿಧಿಸಿತು. ೨೦೧೧ರ ಅಂತರ್ಜಲ ಕಾಯಿದೆಯು ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬಾವಿಗಳಿಗೆ ಅನುಮತಿಯನ್ನು ಅವಶ್ಯಕವನ್ನಾಗಿ ಮಾಡಿತು. ಆದರೆ ನೆರೆಯವನ ಮೇಲೆ ದೂರು ಕೊಡುವುದು ಹಳ್ಳಿಯಲ್ಲಿ ಸುಲಭವಲ್ಲ. ಊರಿನ ದೊಡ್ಡವರು ತಾವೇ ಮುಂದಾಗಿ ಇದನ್ನು ಪಾಲಿಸಿದರೆ ಕಾಯಿದೆಯ ಬಲವು ಬೇಕಾಗುವುದಿಲ್ಲ; ಅವರೇ ಮೀರಿದರೆ ಇತರರನ್ನು ಕೇಳುವವರಿಲ್ಲ.

ತೆಗೆದುಕೊಂಡ ನೀರನ್ನು ಹಿಂದಿರುಗಿಸುವ ಉಪಾಯಗಳು ರೈತರಿಗೆ ಹೊಸವಲ್ಲ. ಕೆರೆಯ ಹೂಳನ್ನು ತೆಗೆದು ಹೊಲಕ್ಕೆ ಹೊಡೆಯುವುದು, ಇಳಿಜಾರಿಗೆ ಅಡ್ಡಲಾಗಿ ಬದು ಹಾಕುವುದು, ಕೃಷಿಹೊಂಡ ತೋಡುವುದು, ಹಳ್ಳಕ್ಕೆ ತಡೆಯೊಡ್ಡುವುದು, ಹನಿ ನೀರಾವರಿಯನ್ನು ಅನುಸರಿಸುವುದು ಇವೆಲ್ಲವೂ ಊರ ಬಾವಿಗೆ ಮಾಡಿದ ಸೇವೆಯೇ ಆಗುವುವು. ಬತ್ತಿದ ಕೊಳವೆ ಬಾವಿಯ ಬಾಯನ್ನು ತೆರೆದಿಡುವುದಂತೂ ಮಹಾಪರಾಧ. ಅದರಲ್ಲಿ ಮಕ್ಕಳು ಬಿದ್ದು ಸತ್ತಿರುವರು. ಅದರ ಮೂಲಕ ಬೀದಿಯ ಕೊಳೆಯು ನೇರವಾಗಿ ಅಂತರ್ಜಲಕ್ಕೆ ಇಳಿಯುವುದು. ಅಂತಹ ಬಾವಿಗಳನ್ನು ತಳದಿಂದ ಮೇಲಿನವರೆಗೆ ತುಂಬಿ ಮುಚ್ಚಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೦ರಲ್ಲಿ ನಿರ್ದೇಶಿಸಿತು.

೭. ನಲ್ಲಿಯ ನೀರು

೨೦೧೯ರ ಆಗಸ್ಟ್ ೧೫ರಂದು ಘೋಷಿತವಾದ ಜಲ ಜೀವನ ಯೋಜನೆಯು ಪ್ರತಿಯೊಂದು ಗ್ರಾಮೀಣ ಮನೆಗೂ ತಲೆಯೊಂದಕ್ಕೆ ದಿನಕ್ಕೆ ೫೫ ಲೀಟರಿನಂತೆ ನಲ್ಲಿಯ ನೀರನ್ನು ಕೊಡುವ ಗುರಿಯನ್ನಿಟ್ಟುಕೊಂಡಿತು. ಆಗ ದೇಶದಲ್ಲಿ ೩.೨೩ ಕೋಟಿ ಗ್ರಾಮೀಣ ಮನೆಗಳಿಗೆ ಮಾತ್ರ ನಲ್ಲಿಯಿತ್ತು. ೨೦೨೫ರ ಆರಂಭದ ಹೊತ್ತಿಗೆ ಆ ಸಂಖ್ಯೆಯು ೧೫ ಕೋಟಿಯನ್ನು ದಾಟಿತು. ಬಿಂದಿಗೆ ಹೊತ್ತು ದೂರ ನಡೆಯುತ್ತಿದ್ದ ಹೆಂಗಸರಿಗೂ, ನೀರಿಗಾಗಿ ಶಾಲೆ ಬಿಡುತ್ತಿದ್ದ ಹೆಣ್ಣುಮಕ್ಕಳಿಗೂ ಇದರಿಂದಾಗುವ ಉಪಕಾರವು ಅಪಾರ.

ಆದರೆ ನಲ್ಲಿಯು ಇದೆಯೆಂಬ ಮಾತ್ರಕ್ಕೆ ಕಾವಲನ್ನು ಬಿಡಬಾರದು. ಹಳ್ಳಿಯ ಕೊಳವೆಗಳಲ್ಲಿ ನೀರು ದಿನವೆಲ್ಲ ಹರಿಯುವುದಿಲ್ಲ. ನೀರು ನಿಂತ ಹೊತ್ತಿನಲ್ಲಿ ಕೊಳವೆಯ ಒಳಗಿನ ಒತ್ತಡವು ಇಳಿದು, ಒಡಕು ಇದ್ದ ಕಡೆ ಸುತ್ತಲಿನ ಚರಂಡಿಯ ನೀರು ಒಳಕ್ಕೆ ಸೆಳೆದುಕೊಳ್ಳುವುದು. ಮರುದಿನ ಬೆಳಗ್ಗೆ ಮೊದಲು ಬರುವುದು ಆ ನೀರೇ. ಕೆಲವು ಅನುಕೂಲವಂತರು ನಲ್ಲಿಗೆ ನೇರವಾಗಿ ಮೋಟಾರನ್ನು ಹಾಕಿ ಎಳೆಯುವುದರಿಂದ ಈ ಅಪಾಯವು ಹೆಚ್ಚುವುದಲ್ಲದೆ, ಸಾಲಿನ ಕೊನೆಯ ಮನೆಗಳಿಗೆ ನೀರೇ ತಲುಪುವುದಿಲ್ಲ. ಚರಂಡಿಯಲ್ಲಿ ಹಾದುಹೋಗುವ ಕೊಳವೆಗಳನ್ನು ಮೇಲೆತ್ತಿಸುವುದು, ಒಡಕನ್ನು ಕಂಡ ದಿನವೇ ಸರಿಪಡಿಸುವುದು, ಎತ್ತರದ ತೊಟ್ಟಿಯನ್ನು ನಿಯತಕಾಲಗಳಲ್ಲಿ ತೊಳೆಸಿ ತೊಳೆದ ತಾರೀಖನ್ನು ಅದರ ಮೇಲೆಯೇ ಬರೆಸುವುದು, ಕೊನೆಯ ಮನೆಯ ನಲ್ಲಿಯಲ್ಲಿಯೂ ಲೀಟರಿಗೆ ೦.೨ ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೆ ಎಂದು ನೋಡುವುದು ಇವು ಪಂಚಾಯಿತಿಯ ಕೆಲಸಗಳು. ಇವುಗಳನ್ನು ನಡೆಸುವ ನೀರುಗಂಟಿಗೆ ತಕ್ಕ ಸಂಬಳವನ್ನು ಕಾಲಕ್ಕೆ ಸರಿಯಾಗಿ ಕೊಡುವುದೂ ನೀರಿನ ರಕ್ಷಣೆಯ ಒಂದು ಅಂಗವೆಂದು ತಿಳಿಯತಕ್ಕದ್ದು.

೮. ಎಲ್ಲರಿಗೂ ಸಮನಾದ ನೀರು

ಹಿಂದೆ ಊರ ಬಾವಿಯು ಊರವರೆಲ್ಲರ ಬಾವಿಯಾಗಿರಲಿಲ್ಲ. ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರು ಯಾರಾದರೂ ಸೇದಿ ಹಾಕುವವರೆಗೆ ಕಾದು ನಿಲ್ಲಬೇಕಾಗಿತ್ತು. ಇಲ್ಲವೆ ಹಳ್ಳದ ನೀರನ್ನು ಕುಡಿಯಬೇಕಾಗಿತ್ತು. ೧೯೨೭ರಲ್ಲಿ ಡಾಕ್ಟರ್ ಅಂಬೇಡ್ಕರರು ಮಹಾಡಿನ ಚವದಾರ ಕೆರೆಯ ನೀರನ್ನು ಸಾವಿರಾರು ಜನರೊಡನೆ ಕುಡಿದು ಆ ಹಕ್ಕನ್ನು ಸಾರಿದರು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೫ನೆಯ ಅನುಚ್ಛೇದವು ಬಾವಿ, ಕೆರೆ, ಸ್ನಾನಘಟ್ಟಗಳ ಉಪಯೋಗದಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ಸಾರಿತು.

ನ್ಯಾಯದ ಮಾತು ಹಾಗಿರಲಿ, ಆರೋಗ್ಯದ ದೃಷ್ಟಿಯಿಂದಲೂ ಒಂದು ಕೇರಿಯನ್ನು ಬಿಟ್ಟು ಇನ್ನೊಂದು ಕೇರಿಯನ್ನು ಕಾಪಾಡುವುದು ಸಾಧ್ಯವಿಲ್ಲ. ನಾರುಹುಣ್ಣಿನ ಒಬ್ಬ ರೋಗಿಯು ಉಳಿದಿದ್ದರೂ ಊರೆಲ್ಲವೂ ಅಪಾಯದಲ್ಲಿತ್ತು. ಕಾಲರಾ ಯಾವ ಕೇರಿಯಲ್ಲಿ ಹುಟ್ಟಿದರೂ ಅಲ್ಲಿಯೇ ನಿಲ್ಲುವುದಿಲ್ಲ. ಕೊಳವೆಯ ಸಾಲಿನ ಕೊನೆಯ ನಲ್ಲಿ ಯಾವ ಕೇರಿಯಲ್ಲಿದೆ, ಅಲ್ಲಿಗೆ ಬೇಸಗೆಯಲ್ಲಿ ಎಷ್ಟು ಬಿಂದಿಗೆ ನೀರು ಬರುತ್ತದೆ ಎಂಬುದನ್ನು ಮುಖಂಡರು ತಾವೇ ಹೋಗಿ ನೋಡತಕ್ಕದ್ದು. ಊರಿನ ನೀರಿನ ಏರ್ಪಾಡು ಹೇಗಿದೆಯೆಂಬುದನ್ನು ಅಳೆಯುವುದಕ್ಕೆ ಆ ಕೊನೆಯ ನಲ್ಲಿಯೇ ಸರಿಯಾದ ಅಳತೆಗೋಲು.

೯. ಮನೆಯೊಳಗಿನ ಕೊಡ

ಒರತೆ, ಬಾವಿ, ಕೊಳವೆ ಎಲ್ಲವೂ ಸರಿಯಾಗಿದ್ದು ಮನೆಯೊಳಗೆ ನೀರು ಕೆಡುವುದು ಸಾಮಾನ್ಯ. ಹೊಲಸು ಮುಟ್ಟಿದ ಕೈಯನ್ನು ತೊಳೆಯದೆ, ಬೆರಳುಗಳು ಮುಳುಗುವಂತೆ ಲೋಟವನ್ನು ಕೊಡಕ್ಕೆ ಅದ್ದುವುದೇ ಇದಕ್ಕೆ ಮುಖ್ಯ ಕಾರಣ. ಕುಡಿಯುವ ನೀರಿನ ಪಾತ್ರೆಯ ಬಾಯಿ ಕಿರಿದಾಗಿರಬೇಕು. ಅದನ್ನು ಪ್ರತಿದಿನವೂ ತೊಳೆದು ತುಂಬಿ, ಮುಚ್ಚಿ, ಮಕ್ಕಳಿಗೂ ಕೋಳಿಗಳಿಗೂ ನಿಲುಕದ ಎತ್ತರದಲ್ಲಿಡಬೇಕು. ಉದ್ದ ಹಿಡಿಯ ಸೌಟಿನಿಂದಲೋ, ಕೆಳಗಡೆ ಹಾಕಿದ ನಲ್ಲಿಯಿಂದಲೋ ನೀರನ್ನು ತೆಗೆಯಬೇಕು.

ತಾಮ್ರದ ಬಿಂದಿಗೆಯಲ್ಲಿ ನೀರಿಡುವ ಹಳೆಯ ಪದ್ಧತಿಗೆ ಆಧಾರವುಂಟು. ಬೆಂಗಳೂರಿನ ಸಂಶೋಧಕರು ೨೦೧೨ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ತಾಮ್ರದ ಪಾತ್ರೆಯಲ್ಲಿ ೧೬ ಗಂಟೆ ಇಟ್ಟ ನೀರಿನಲ್ಲಿ ಭೇದಿಯನ್ನುಂಟುಮಾಡುವ ರೋಗಾಣುಗಳು ನಾಶವಾದುವು. ಆದರೆ ಫ್ಲೋರೈಡನ್ನಾಗಲಿ ನೈಟ್ರೇಟನ್ನಾಗಲಿ ತಾಮ್ರವು ತೆಗೆಯಲಾರದು. ಸಂದೇಹವಿದ್ದಾಗ, ವಿಶೇಷವಾಗಿ ಮಳೆಗಾಲದ ಮೊದಲ ಹೊಸನೀರಿನ ಕಾಲದಲ್ಲಿ, ನೀರನ್ನು ಕೊತಕೊತನೆ ಕುದಿಸಿ ಆರಿಸಿ ಕುಡಿಯುವುದೇ ರೋಗಾಣುಗಳಿಗೆ ತಪ್ಪದ ಉಪಾಯ.

೧೦. ಮುಖಂಡರು ನಡೆಸತಕ್ಕ ಕೆಲಸಗಳು

ಮೇಲೆ ವಿವರಿಸಿದುದರ ಸಾರಾಂಶವನ್ನು ಕಾಲಕ್ರಮದಲ್ಲಿ ಹೀಗೆ ಹೇಳಬಹುದು.

(೧) ಬೇಸಗೆಯಲ್ಲಿ, ನೀರು ಕೆಳಗಿಳಿದಾಗ, ಬಾವಿಯ ಹೂಳನ್ನು ತೆಗೆಸಿ, ಕಟ್ಟೆ, ಜಗುಲಿ, ಕಾಲುವೆಗಳನ್ನು ದುರಸ್ತಿ ಮಾಡಿಸುವುದು; ಬತ್ತಿದ ಕೊಳವೆ ಬಾವಿಗಳನ್ನು ಮುಚ್ಚಿಸುವುದು.

(೨) ಮುಂಗಾರಿಗೆ ಮೊದಲು ತಿಪ್ಪೆಗಳನ್ನು ಬಾವಿಯ ಬಳಿಯಿಂದ ಎತ್ತಿಸುವುದು. ಚಾವಣಿಯ ಮಳೆನೀರಿನ ತೊಟ್ಟಿಗಳನ್ನು ತೊಳೆಸುವುದು. ಬ್ಲೀಚಿಂಗ್ ಪುಡಿಯನ್ನು ತರಿಸಿಡುವುದು.

(೩) ಮಳೆಗಾಲದಲ್ಲಿ ಬಾವಿಗೆ ಕ್ರಮವಾಗಿ ಕ್ಲೋರಿನ್ ಹಾಕಿಸುವುದು. ಒಂದೇ ಬೀದಿಯಲ್ಲಿ ಎರಡು ಮೂರು ಭೇದಿಯ ಪ್ರಕರಣಗಳು ಕಂಡರೆ ಕೂಡಲೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ಬೀದಿಯ ಕೊಳವೆಯನ್ನು ಪರೀಕ್ಷಿಸುವುದು.

(೪) ಮಳೆಗಾಲಕ್ಕೆ ಮುಂಚೆ ಒಮ್ಮೆ, ತರುವಾಯ ಒಮ್ಮೆ ಪ್ರತಿಯೊಂದು ಮೂಲದ ನೀರನ್ನೂ ಪ್ರಯೋಗಶಾಲೆಗೆ ಕಳುಹಿಸಿ, ಫಲಿತಾಂಶವನ್ನು ಪಂಚಾಯಿತಿಯ ಹಲಗೆಯ ಮೇಲೆ ಎಲ್ಲರಿಗೂ ತಿಳಿಯುವಂತೆ ಬರೆಸುವುದು. ಜಲ ಜೀವನ ಯೋಜನೆಯಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ಪರೀಕ್ಷಾ ಪೆಟ್ಟಿಗೆಯ ಉಪಯೋಗವನ್ನು ಕಲಿಸುವ ಏರ್ಪಾಡು ಇದೆ. ಅವರ ಮಾತಿಗೆ ಗ್ರಾಮಸಭೆಯಲ್ಲಿ ಬೆಲೆ ಕೊಡುವುದು.

(೫) ಕುಡಿಯುವ ನೀರಿನ ಮೂಲದ ಸಮೀಪದಲ್ಲಿ ಹೊಸದಾಗಿ ಬಾವಿ ಕೊರೆಯಲು ಯಾರು ಹೊರಟರೂ, ಅವರು ಸ್ವಂತ ಬಂಧುಗಳಾದರೂ, ಮೊದಲೇ ತಡೆಯುವುದು.

ದೇವಸ್ಥಾನಕ್ಕೆ ಗೋಪುರವನ್ನು, ಊರಿಗೆ ಹೆಬ್ಬಾಗಿಲನ್ನು ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಉಳಿಯುವುದು. ಬಾವಿಯ ಬಳಿಯಿಂದ ತನ್ನ ತಿಪ್ಪೆಯನ್ನು ಎತ್ತಿಸಿದವನ, ಕೊರೆಸಬಹುದಾಗಿದ್ದ ಕೊಳವೆ ಬಾವಿಯನ್ನು ಕೊರೆಸದೆ ಬಿಟ್ಟವನ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತುವುದಿಲ್ಲ. ಆದರೆ ಆ ಊರಿನ ಮಕ್ಕಳು ಮಳೆಗಾಲವನ್ನು ರೋಗವಿಲ್ಲದೆ ಕಳೆದು, ನೆಟ್ಟಗಿನ ಕಾಲುಗಳಿಂದ ಹೊಲಕ್ಕೂ ಶಾಲೆಗೂ ನಡೆಯುವರು. ಗ್ರಾಮದ ಹಿರಿಯರಿಗೆ ಅದಕ್ಕಿಂತ ಹೆಚ್ಚಿನ ಫಲವು ಬೇಕಾಗಿಲ್ಲ.